ಕುಂಟೆತ್ತಿನ ಪಾಲು

ಆಳಂದ ತಾಲ್ಲೂಕಿನ ನಿಂಬರ್ಗಾದಂಥ ಎರೆಭೂಮಿಯ ಊರುಗಳಲ್ಲಿ ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ, ಓಡಿಸಿ, ಕರಿ ಹರಿಯುವುದು ವಾಡಿಕೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಗ ಓಡಿದ ಎತ್ತುಗಳೇ ಅಂಗೈಯಗಲದ ಗೊಂಬೆಗಳಾಗಿ, ಗ್ವಾದಲಿ ಸಮೇತ ಜಗಲಿಯ ಮೇಲೆ ಕೂರುತ್ತವೆ.

ಓಟಕ್ಕೊಂದು ಗೊಂಬೆ ಬೇರೆಡೆಯೂ ಉಂಟು. ಓಟದ ಕಾರಾಗಿಯೂ ಜೋಡಿಸಬಹುದಾದ ಪ್ಲಾಸ್ಟಿಕ್ ಮಾದರಿಗಳನ್ನು ಅಮೆರಿಕದ ಎಎಂಟಿ ಕಂಪನಿ 1958ರಲ್ಲಿ ಮಾರುಕಟ್ಟೆಗೆ ತಂದಿತು. ಅಂಥ ಹಳೆಯ ಮುರುಕು ಮಾದರಿಗಳ ಬಣ್ಣ ತೊಳೆದು, ಅಂಟಿಸಿ ಜೋಪಾನ ಮಾಡುವ ಹವ್ಯಾಸಿಗಳು ಅಲ್ಲಿದ್ದಾರೆ.

ಮಣ್ಣೆತ್ತಿಗೆ ಆ ಉಪಚಾರವಿಲ್ಲ. ಉತ್ತರ ಕರ್ನಾಟಕದ ಹಲವೆಡೆ ಮಕ್ಕಳು ಮರುದಿನ ಕಾಲು ಮುರಿದ ಎತ್ತನ್ನೇ ಹಿಡಿದು ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಕುಂಟೆತ್ತಿಗೇ ಹೆಚ್ಚು ಮರ್ಯಾದೆ! ಕೊನೆಗೆ ಎತ್ತುಗಳೆಲ್ಲ ನೀರಿಗೆ. ವರ್ಷವರ್ಷವೂ ಹೊಸದಾಗಿ ಮಣ್ಣು ಕಲಸಬೇಕಾದ್ದರಿಂದಲೇ ಆ ವಿದ್ಯೆ ಕೈಯಲ್ಲಿ ಉಳಿದದ್ದು. ಈಗ ಪೇಟೆಯಲ್ಲಿ ಅಚ್ಚಿನ ಪ್ಲಾಸ್ಟರ್ ಎತ್ತುಗಳು ಬಂದಿವೆ. ಅವು ನೀರಿನಲ್ಲಿ ಬೇಗ ಕರಗುವುದೂ ಇಲ್ಲ.