ಅರಿಶಿನದ ಕಾಲು

ನಾನು ಬೇರೆ ಜಾತಿಯಿಂದ ಬಂದ ಸೊಸೆ. 1978ರಲ್ಲಿ ಆ ಮನೆ ಸೇರಿದಾಗ ಅಡುಗೆಮನೆಯ ಹೊಸಿಲು ನನಗಿರಲಿಲ್ಲ. ಸಿಕ್ಕಿದ್ದು ಹಿತ್ತಲು. ಬೆಳಿಗ್ಗೆ ಮಂಕರಿ ಎತ್ತಿ ಕೋಳಿಗಳಿಗೆ ನುಚ್ಚು ಎರಚುವುದು ನನ್ನ ಕೆಲಸ.

ಅತ್ತೆಗೆ ಮೊಟ್ಟೆಯ ದುಡ್ಡೇ ಸ್ವಂತ ದುಡ್ಡು. ಒಂದು ವರ್ಷ ಅದನ್ನೆಲ್ಲ ಕೂಡಿಹಾಕಿ ಸಂತೆಯಿಂದ ಒಂದು ಹುಂಜ, ಎರಡು ಹ್ಯಾಟೆ ತಂದರು. 'ರೋಡ್ ಐಲೆಂಡ್ ರೆಡ್, ಅಪ್ಪಟ ಜಾತಿಕೋಳಿ' ಎಂದಿದ್ದನಂತೆ ಮಾರಿದವನು. ಕಂದುಗೆಂಪು ಮೈ, ಕಪ್ಪು ಬಾಲ, ಹಳದಿ ಕಾಲು. "ಕಾಲು ನೋಡು, ಅರಿಶಿನ ಹಚ್ಚಿದಂಗೈತೆ. ಜಾತಿ ಅಂದ್ರೆ ಇದು!" ಎಂದರು ಅತ್ತೆ. ಮಾತು ಕೋಳಿಗೋ ನನಗೋ ತಿಳಿಯದೆ ಸುಮ್ಮನಿದ್ದೆ.

ನಾಟಿ ಹ್ಯಾಟೆಯನ್ನು ಕಾವಿಗೆ ಕೂರಿಸಿ, ಈ ಕೋಳಿಗಳ ಮೊಟ್ಟೆ ಇಟ್ಟೆವು. ಇಪ್ಪತ್ತೊಂದು ದಿನಕ್ಕೆ ಮರಿಗಳು ಬಂದವು. ಕೆಲವು ಕೆಂಪು, ಕೆಲವಕ್ಕೆ ಬೆನ್ನ ಮೇಲೆ ಪಟ್ಟೆ, ಒಂದಂತೂ ಬೆಳೆದಂತೆಲ್ಲ ಬೆಳ್ಳಗಾಯಿತು. ಅತ್ತೆ ಮೋಸಹೋಗಿದ್ದರು.

ಆಮೇಲೆ ಸರಿಯಾಗಿ ನೋಡಿದೆವು. ರೋಡ್ ಐಲೆಂಡ್ ರೆಡ್ ಕೋಳಿಗೆ ಕಿವಿಯ ಹಾಲೆ ಕೆಂಪು, ಮೊಟ್ಟೆ ಕಂದು. ಬಿಳಿ ಹಾಲೆ, ಬಿಳಿ ಮೊಟ್ಟೆ ಲೆಗ್‌ಹಾರ್ನ್ ಕೋಳಿಯ ಲಕ್ಷಣ. ನಮ್ಮ ಒಂದು ಹ್ಯಾಟೆಯ ಹಾಲೆಯಲ್ಲಿ ಬಿಳಿ ಮಚ್ಚೆಯಿತ್ತು, ಮೊಟ್ಟೆಯೂ ಬಿಳಿಚಿಕೊಂಡಿತ್ತು. ಆದರೆ ಎಷ್ಟೇ ಗುರುತು ನೋಡಿದರೂ ಕೋಳಿಯ ಮೈ ಎಲ್ಲವನ್ನೂ ಹೇಳುವುದಿಲ್ಲ, ಮರಿಗಳು ಹೇಳುತ್ತವೆ. ಅಡಗಿದ್ದ ಗುಣ ಮುಂದಿನ ತಲೆಮಾರಿನಲ್ಲಿ ಹೊರಬರುತ್ತದೆ. ಮೆಂಡೆಲ್ ಬಟಾಣಿಯಲ್ಲಿ ಕಂಡ ಈ ನಿಯಮ ಪ್ರಾಣಿಗಳಲ್ಲೂ ನಡೆಯುತ್ತದೆಂದು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಯ ಜುಟ್ಟುಗಳಿಂದಲೇ!

ಹಾಗಾದರೆ ಜಾತಿಕೋಳಿ ಎಂದರೇನು? ಅಮೆರಿಕದಲ್ಲಿ 1874ರಲ್ಲಿ ಕೋಳಿಗಳ ಲಕ್ಷಣಗಳನ್ನು ಬರೆದಿಟ್ಟ ಪುಸ್ತಕವೊಂದು ಬಂತು. ಅದರಲ್ಲಿ ಸೇರಿದ್ದು ಜಾತಿ. ರೋಡ್ ಐಲೆಂಡ್ ರೆಡ್ ಅದಕ್ಕೆ ಸೇರಿದ್ದು 1904ರಲ್ಲಿ. ಅದಕ್ಕೂ ಮುಂಚೆ? ಅಲ್ಲಿನ ರೈತರು ಮಲಯ, ಚೀನಾ ಕಡೆಯ ಕೋಳಿಗಳನ್ನೂ ಲೆಗ್‌ಹಾರ್ನನ್ನೂ ಕೂಡಿಸಿ ಮಾಡಿಕೊಂಡ ಬೆರಕೆ ಅದು. ಹಲವು ತಲೆಮಾರು ಆರಿಸಿ ಆರಿಸಿ ಸಾಕಿದ ಮೇಲೆ ಜಾತಿಯಾಯಿತು.

ಮಗಳು ಹುಟ್ಟಿದಾಗ ನೆರೆಯವರೊಬ್ಬರು, "ಬೆರಕೆ ಕೂಸು" ಎಂದು ಅತ್ತೆಯ ಎದುರೇ ನಕ್ಕರು. ಅತ್ತೆ ನುಚ್ಚು ಎರಚುತ್ತಿದ್ದವರು ತಲೆಯೆತ್ತಲಿಲ್ಲ. "ನನ್ನ ಹಿತ್ತಲಲ್ಲಿ ಬೆರಕೆಗಳೇ ಕಣಮ್ಮ ಮೊಟ್ಟೆ ಇಕ್ತಿರೋದು. ಕೂಸಿಗೆ ನೀರು ಕಾಯಿಸ್ಬೇಕು, ಒಳಗ್ ಬಾರೇ" ಎಂದು ನನ್ನನ್ನು ಕರೆದರು. ಅಂದು ಆ ಹೊಸಿಲು ದಾಟಿದೆ.

ಅತ್ತೆ ಈಗಿಲ್ಲ. ಅವರಿಗೆ ಹೇಳಬೇಕಾದ ಸುದ್ದಿಯೊಂದು ಉಳಿದಿದೆ. ಊರ ಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ಆದರೆ ಹಳದಿ ಕಾಲಿನ ಗುಣ ಅದರಿಂದ ಬಂದದ್ದಲ್ಲ. ಅದು ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಬೂದು ಕಾಡುಕೋಳಿ ಎಂದೋ ಬೆರೆತು ಕೊಟ್ಟ ಬಳುವಳಿ ಎಂದು 2008ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅತ್ತೆ ಜಾತಿಯ ಗುರುತೆಂದು ಮೆಚ್ಚಿದ್ದ ಆ ಅರಿಶಿನದ ಕಾಲು ಬೆರಕೆಯದೇ ಗುರುತು. ಕೇಳಿದ್ದರೆ ಜೋರಾಗಿ ನಗುತ್ತಿದ್ದರು.