ಸಾಷ್ಟಿ ದ್ವೀಪದ ಹಳೆಯ ಭೂಲಕ್ಷಣ ನಕಾಶೆ

ಇಂದು ಮುಂಬಯಿಯ ಉಪನಗರಗಳೆನಿಸಿರುವ ಅಂಧೇರಿ, ಮರೋಳ್, ಮಲಾಡ್, ಭಾಂಡುಪ್, ಮುಲುಂಡ್ ಮೊದಲಾದವು ಒಂದು ಕಾಲದಲ್ಲಿ ಸಾಷ್ಟಿ ದ್ವೀಪದ ಗ್ರಾಮಗಳಾಗಿದ್ದವು. ಸಾಲ್ಸೆಟ್ ಎಂದೂ ಹೆಸರಾದ ಈ ದ್ವೀಪದ ಗ್ರಾಮೀಣ ಸ್ವರೂಪವನ್ನು ಅರಿಯಲು ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಭೂಲಕ್ಷಣ ನಕಾಶೆಯು ಉತ್ತಮ ಆಕರವಾಗಿದೆ.

1767ರಲ್ಲಿ ಸ್ಥಾಪಿತವಾದ ಈ ಇಲಾಖೆಯ ಕ್ರಮಾಂಕ ಪದ್ಧತಿಯಲ್ಲಿ ಸಾಷ್ಟಿಯ ಬಹುಭಾಗವು 47ಎ/16 ಎಂಬ ಹಾಳೆಯಲ್ಲಿ ಬರುತ್ತದೆ. ಇದು ಉತ್ತರ ಅಕ್ಷಾಂಶ 19°00'ರಿಂದ 19°15' ಹಾಗೂ ಪೂರ್ವ ರೇಖಾಂಶ 72°45'ರಿಂದ 73°00'ವರೆಗಿನ ನೆಲವನ್ನು ಒಳಗೊಂಡಿದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಆವೃತ್ತಿಗಳ ಪ್ರಮಾಣ ಒಂದು ಮೈಲಿಗೆ ಒಂದು ಅಂಗುಲ, ಅಂದರೆ 1:63,360. ಮೆಟ್ರಿಕ್ ಪದ್ಧತಿ ಬಂದ ಬಳಿಕ ಅದು 1:50,000 ಆಯಿತು.

ಈ ನಕಾಶೆಗಳಲ್ಲಿ ನೀಲಿ ಬಣ್ಣವು ನೀರನ್ನು, ಕಂದು ಗೆರೆಗಳು ಸಮೋನ್ನತಿಯನ್ನು, ಹಳದಿಯು ಸಾಗುವಳಿ ಭೂಮಿಯನ್ನು, ಹಸಿರು ಅರಣ್ಯವನ್ನು ಸೂಚಿಸುತ್ತವೆ. ಕುರ್ಲಾ, ಬಾಂದ್ರಾಗಳಂತಹ ಪಟ್ಟಣಗಳನ್ನು ಬಿಟ್ಟರೆ ಅಂದಿನ ಸಾಷ್ಟಿಯಲ್ಲಿ ಭತ್ತದ ಗದ್ದೆ, ತಾಳೆಮರಗಳ ತೋಪು, ಉಪ್ಪಿನ ಹರಹು ಮತ್ತು ಕಾಂದಳದ ಜೌಗುಗಳೇ ಹೆಚ್ಚು. ನಡುವಿನ ಗುಡ್ಡಗಳಲ್ಲಿ ಕನ್ಹೇರಿ ಗುಹೆಗಳು, ಅವುಗಳ ತಪ್ಪಲಲ್ಲಿ 1860ರ ವಿಹಾರ್ ಹಾಗೂ 1879ರ ತುಳಸಿ ಜಲಾಶಯಗಳು ಇವೆ. ಬೋರಿಬಂದರದಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಆರಂಭವಾದ ರೈಲುಮಾರ್ಗವು ಇದೇ ಗದ್ದೆಬಯಲುಗಳ ನಡುವೆ ಸಾಗಿತ್ತು.

1920ರಲ್ಲಿ ಮುಂಬಯಿ ಉಪನಗರ ಜಿಲ್ಲೆ ರಚನೆಯಾಯಿತು. ನಗರಪಾಲಿಕೆಯ ಎಲ್ಲೆಯು 1950ರಲ್ಲಿ ಜೋಗೇಶ್ವರಿ ಮತ್ತು ಭಾಂಡುಪ್‌ವರೆಗೆ, 1957ರಲ್ಲಿ ದಹಿಸರ್ ಮತ್ತು ಮುಲುಂಡ್‌ವರೆಗೆ ವಿಸ್ತರಿಸಿತು. ಉದ್ಯೋಗವನ್ನರಸಿ ಬಂದ ಅನೇಕ ಕನ್ನಡಿಗ ಕುಟುಂಬಗಳು ಮನೆ ಮಾಡಿದ್ದು ಹೀಗೆ ನಗರವಾಗಿ ಮಾರ್ಪಟ್ಟ ಗ್ರಾಮಗಳಲ್ಲಿಯೇ.

ಹಳೆಯ ನಕಾಶೆಯ ಮಹತ್ವ ಕೇವಲ ಸ್ಮರಣೆಗೆ ಸೀಮಿತವಲ್ಲ. ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿನೀರಿನಿಂದ ಹುಟ್ಟಿ ಮಾಹಿಮ್ ಕೊಲ್ಲಿ ಸೇರುವ ಮೀಠಿ ನದಿಗೆ ಅಂದು ಹರಡಿಕೊಳ್ಳಲು ವಿಶಾಲವಾದ ಜೌಗು ಇತ್ತು. ವಿಮಾನ ನಿಲ್ದಾಣದ ವಿಸ್ತರಣೆ, 1970ರ ದಶಕದ ನಂತರ ಬೆಳೆದ ಬಾಂದ್ರಾ-ಕುರ್ಲಾ ಸಂಕೀರ್ಣ ಹಾಗೂ ದಡದ ಒತ್ತುವರಿಗಳಿಂದ ಆ ಅವಕಾಶ ಕುಗ್ಗಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿಯ ಇಕ್ಕೆಲಗಳ ಬಡಾವಣೆಗಳು ಜಲಾವೃತವಾದವು. ನೀರು ತನ್ನ ಹಳೆಯ ತಾಣವನ್ನು ಮರೆಯುವುದಿಲ್ಲ. ಮನೆ ಕೊಳ್ಳುವವರು ದಾಖಲೆಪತ್ರಗಳೊಂದಿಗೆ ಆ ನೆಲದ ಹಳೆಯ ನಕಾಶೆಯನ್ನೂ ಪರಿಶೀಲಿಸುವುದು ವಿವೇಕಯುತವಾದ ಕ್ರಮ.