ವೀರಗಲ್ಲಿನ ಪಕ್ಕದ ಟ್ರಂಕು

ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಹೆಸರು ಹಾಕಬೇಡಿ ಅಂತ ಮನೆಯವರು ಕೇಳಿಕೊಂಡಿದ್ದಾರೆ, ಹಾಗಾಗಿ ಹಬ್ಬನಘಟ್ಟದ ಅಮೃತಮಹಲ್ ಕಾವಲಿನ ಆಸುಪಾಸು ಎಂದಷ್ಟೇ ಹೇಳುತ್ತೇನೆ. 2014ರಲ್ಲಿ ಒಂದು ಭಾನುವಾರ ನಾನು ಅಲ್ಲಿಗೆ ಹೋಗಿದ್ದು ಅವರ ಹಿತ್ತಲಿನ ವೀರಗಲ್ಲು ನೋಡುವುದಕ್ಕೆ. ಮೂರು ಹಂತದ ಕಲ್ಲು. ಕೆಳಗೆ ಬಿಲ್ಲು ಹಿಡಿದ ವೀರ, ಅವನ ಹಿಂದೆ ಸಾಲಾಗಿ ದನಗಳು. ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗ ಮತ್ತು ನಂದಿ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿವೆ, ಆದರೆ ವರ್ಷವರ್ಷವೂ ಬಳಿದ ಸುಣ್ಣದಲ್ಲಿ ಮುಚ್ಚಿಹೋಗಿವೆ. ಕತ್ತಲಾಗುವ ತನಕ ಕಾದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ‘ತುಱು’ ಎಂಬ ಎರಡಕ್ಷರ ಮಾತ್ರ ಖಚಿತವಾಗಿ ಸಿಕ್ಕಿತು. ತುರುಗೊಳ್, ಅಂದರೆ ದನ ಹಿಡಿದೊಯ್ಯುವ ದಾಳಿಯಲ್ಲಿ ಸತ್ತವನ ಕಲ್ಲು. ಅಕ್ಷರದ ಮೋಡಿ ನೋಡಿದರೆ ಹೊಯ್ಸಳರ ಕಾಲ, 12–13ನೇ ಶತಮಾನ.

ಹೊರಡುವಾಗ ಆ ಮನೆಯ ಅಜ್ಜ ಒಂದು ತಗಡಿನ ಟ್ರಂಕು ಎಳೆದು ತಂದು ಪಡಸಾಲೆಯಲ್ಲಿಟ್ಟರು. “ಸಾರ್, ಇದ್ನೂ ಒಸಿ ನೋಡಿ. ನಮ್ಮ ತಾತನ ಕಾಲದ್ದು, ದನದ ಲೆಕ್ಕ, ಕಾವಲಿನ ಕಾಗದ.” ನಾನು ಮುಚ್ಚಳ ತೆಗೆದೆ, ಮೇಲಿನ ಎರಡು ಹಾಳೆ ನೋಡಿದೆ, ಗಡಿಯಾರ ನೋಡಿದೆ. “ಮುಂದಿನ ಸಲ ಬಂದಾಗ ಪೂರ್ತಿ ನೋಡ್ತೀನಿ ಅಜ್ಜ” ಅಂದೆ.

ಮುಂದಿನ ಸಲ ಅನ್ನುವುದು 2019ರಲ್ಲಿ ಬಂತು. ಅಜ್ಜ ತೀರಿಕೊಂಡಿದ್ದರು. ಹಳೆ ತೊಟ್ಟಿ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದ್ದರು. ಟ್ರಂಕಿನ ಅರ್ಧಕ್ಕಿಂತ ಹೆಚ್ಚು ಕಾಗದ ಬಚ್ಚಲ ಒಲೆಗೆ ಹೋಗಿತ್ತು. ಕಲ್ಲು ಮಾತ್ರ ಅಲ್ಲೇ ಇತ್ತು. ಅದರ ಐವತ್ತಕ್ಕೂ ಹೆಚ್ಚು ಫೋಟೋ ನನ್ನ ಹತ್ತಿರ ಇವೆ. ಆ ಕಾಗದಗಳದ್ದು ಒಂದೂ ಇರಲಿಲ್ಲ. ಮನೆಯವರನ್ನು ದೂರುವುದಕ್ಕೆ ನನಗೆ ಬಾಯಿಲ್ಲ. ಓದು ಬಲ್ಲವನು ಅಂತ ಬಂದವನೇ ಮುಚ್ಚಳ ಹಾಕಿ ಎದ್ದುಹೋದ ಮೇಲೆ ಅವರು ಅದನ್ನು ಯಾಕೆ ಇಟ್ಟುಕೊಳ್ಳಬೇಕು?

ಆ ಕಾಗದ ಏನು ಅಂತ ತಿಳಿಯಲು ಕಾವಲಿನ ಕಥೆ ಸ್ವಲ್ಪ ಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರು. ಟಿಪ್ಪು ಅದನ್ನೇ ಅಮೃತಮಹಲ್ ಅಂತ ಬದಲಾಯಿಸಿದ. ಹೆಸರು ಹಾಲು–ಬೆಣ್ಣೆಯದ್ದಾದರೂ ಕೆಲಸ ಫಿರಂಗಿ ಎಳೆಯುವುದು. 1799ರ ನಂತರ ಮಂದೆ ಇಂಗ್ಲಿಷರ ಕೈಗೆ ಹೋಯಿತು. 1860ರಲ್ಲಿ ಮದ್ರಾಸ್ ಗವರ್ನರ್ ಟ್ರೆವೆಲಿಯನ್ ಖರ್ಚು ಜಾಸ್ತಿ ಅಂತ ಮಂದೆಯನ್ನೇ ಮಾರಿಸಿದ. ಕೆಲವೇ ವರ್ಷಗಳಲ್ಲಿ ತಪ್ಪು ಗೊತ್ತಾಗಿ ಮತ್ತೆ ಕಟ್ಟಬೇಕಾಯಿತು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಅಂತ ದನಗಳು ವರ್ಷವಿಡೀ ಸುತ್ತುತ್ತಿದ್ದವು. ಅವುಗಳ ಹಿಂದೆ ಸುತ್ತಿದವರು ಇಂಥ ಮನೆಗಳವರು. ಇಲಾಖೆಯ ಕಡತ ಸರ್ಕಾರದಲ್ಲಿ ಸಿಕ್ಕೀತು. ದನ ಕಾದವರ ಹೆಸರು ಸಿಗಬೇಕಾದರೆ ಅವರ ಟ್ರಂಕೇ ಗತಿ.

ಉಳಿದದ್ದು ಎರಡು ಕಟ್ಟು ಮತ್ತು ಒಂದು ಕಡತ. ಕಡತ ಅಂದರೆ ಈಗಿನ ಆಫೀಸ್ ಫೈಲ್ ಅಲ್ಲ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಚಿ, ಬಳಪದಲ್ಲಿ ಬರೆಯುವಂಥದ್ದು. ಬೇಲೂರು, ಹಳೇಬೀಡು ಗುಡಿಗಳನ್ನು ಕಟ್ಟಿದ್ದೂ ಬಳಪದ ಕಲ್ಲಿನಲ್ಲೇ ಅನ್ನುವುದು ಅದನ್ನು ಕೈಯಲ್ಲಿ ಹಿಡಿದಾಗ ನೆನಪಾಗುತ್ತದೆ. ಆದರೆ ಗುಡಿಯನ್ನು ಮುಟ್ಟಬಹುದು, ಕಡತವನ್ನು ಮುಟ್ಟಿದರೆ ಅಕ್ಷರ ಬೆರಳಿಗೆ ಬರುತ್ತದೆ. ಈ ಕಡತ ಅರ್ಧ ಅಳಿಸಿಹೋಗಿದೆ. ಕಟ್ಟುಗಳಲ್ಲಿ ಹುಲ್ಲುಬನ್ನಿ (ಮೇವಿನ ತೆರಿಗೆ) ಕಟ್ಟಿದ ರಶೀದಿಗಳು, ಒಂದು ಛಾಪಾ ಕಾಗದ, ದನಗಳ ಪಟ್ಟಿಗಳು, ಹೆಳವರು ಹೇಳಿದ್ದನ್ನು ಯಾರೋ ಬರೆದಿಟ್ಟುಕೊಂಡ ವಂಶಾವಳಿ ಇದ್ದವು.

ಪಟ್ಟಿಗಳಲ್ಲಿ ಒಂದಕ್ಕೆ ‘ಧಾತು ಸಂ||’ ಅಂತ ತಲೆಬರಹ. ಕೆಳಗೆ ಸತ್ತ ದನಗಳ ಹೆಸರು. ಮನೆಯವರ ಪ್ರಕಾರ ಅದು ಧಾತು–ಈಶ್ವರ ಬರದ ಪಟ್ಟಿ, ಅಂದರೆ ಮೈಸೂರು ಸೀಮೆಯನ್ನು ಅಲ್ಲಾಡಿಸಿದ 1876–78ರದ್ದು. ನನಗೂ ರೋಮಾಂಚನ ಆಯಿತು, ಸುಳ್ಳು ಯಾಕೆ. ಆದರೆ ಸಂವತ್ಸರ ಅರವತ್ತು ವರ್ಷಕ್ಕೆ ತಿರುಗಿ ಬರುತ್ತದೆ. ಧಾತು 1816ರಲ್ಲೂ ಇದೆ, 1936ರಲ್ಲೂ ಇದೆ. ಶಕವರ್ಷ ಇಲ್ಲದ ಶಾಸನಕ್ಕೆ ನಾವು ಮಾಡುವ ಕೆಲಸವನ್ನೇ ಮಾಡಿದೆ, ಒಳಗಿನ ಸಾಕ್ಷಿ ಹುಡುಕಿದೆ. ಹಾಳೆಯ ಹಿಂಬದಿಯಲ್ಲಿ ಅದೇ ಕೈಬರಹದಲ್ಲಿ ‘ಟೇಸನ್ನಿಗೆ ಹುಲ್ಲು’ ಅಂತ ಎರಡು ಗಾಡಿಯ ಬಾಡಿಗೆ ಲೆಕ್ಕ. ಅರಸೀಕೆರೆ ದಾಟಿ ಹರಿಹರಕ್ಕೆ ರೈಲು ಹೋಗಿದ್ದೇ 1889ರಲ್ಲಿ. ಹಾಗಾದರೆ ಇದು 1936ರ ಧಾತು. ಸಾವಿಗೆ ಕಾರಣವೂ ಪಟ್ಟಿಯಲ್ಲೇ ಇತ್ತು, ಬರದ ಗುಂಗಿನಲ್ಲಿ ನಾವು ಗಮನಿಸಿರಲಿಲ್ಲ: ಹೆಸರುಗಳ ಮುಂದೆ ‘ದೊ. ರೋ.’ ಅಂತ ಇದೆ. ದೊಡ್ಡರೋಗ. 2011ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತೆಂದು ಘೋಷಿಸಿದ ಜಾನುವಾರು ಪಿಡುಗು ಇದೇ.

ಮನೆಯವರಿಗೆ ಸ್ವಲ್ಪ ನಿರಾಸೆ ಆಯಿತು. ನನಗೆ ಇನ್ನೊಂದು ಕಾಕತಾಳೀಯ ಕಂಡಿತು. ಎಂ.ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದದ್ದೂ 1936ರಲ್ಲೇ. ಆ ಕಲ್ಲು ಈಗ ಪ್ರತಿ ಪಠ್ಯಪುಸ್ತಕದಲ್ಲಿದೆ.

ಇನ್ನು ವಂಶಾವಳಿ. ಎತ್ತಿನ ಮೇಲೆ ಕೂತು ಬರುವ ಹೆಳವರು ಮನೆಮನೆಯ ತಲೆಮಾರು ಹೇಳುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಈ ಹಾಳೆಯಲ್ಲಿ ಎಂಟು ತಲೆಮಾರಿದೆ, ಒಂದೂ ಹೆಂಗಸಿನ ಹೆಸರಿಲ್ಲ. ದನದ ಪಟ್ಟಿಯಲ್ಲಿ ಮಾತ್ರ ಪ್ರತಿ ಹಸುವಿಗೂ ಹೆಸರಿದೆ, ಯಾವ ಹಸುವಿನ ಕರು ಅಂತಲೂ ಇದೆ! ನಗು ಬಂತು, ಆಮೇಲೆ ಅದೇ ದಾರಿ ತೋರಿಸಿತು. ಮೂರು ಹಸುಗಳ ಮುಂದೆ ‘ಬಳುವಳಿ’ ಅಂತ ಬರೆದು ಊರು ಹಾಕಿದ್ದಾರೆ: ಒಂದು ಹಳೇಬೀಡು ಕಡೆಯದು, ಒಂದು ಬಾಣಾವರದ್ದು, ಇನ್ನೊಂದರ ಮುಂದೆ ಬರೀ ‘ಬೇಲೂರು ಸೀಮೆ’. ಸೊಸೆಯ ಜೊತೆ ತವರಿಂದ ಬಂದ ಹಸುಗಳು. ಅಂದರೆ ಹೆಳವರ ಪಟ್ಟಿಯಲ್ಲಿಲ್ಲದ ಹೆಣ್ಣುಮಕ್ಕಳ ತವರೂರು ಹಸುವಿನ ಲೆಕ್ಕದಲ್ಲಿದೆ. ಈಗ ಮನೆಗೆ ಹಿರಿಯರಾದ ಅಜ್ಜಿಯನ್ನು ಕೇಳಿದಾಗ ಹಳೇಬೀಡಿನಿಂದ ಬಂದವರ ಹೆಸರು ತಟ್ಟನೆ ಹೇಳಿದರು, ಅವರ ಅತ್ತೆಯ ಅತ್ತೆಯಂತೆ. ಬಾಣಾವರದ್ದೂ ಸಿಕ್ಕಿತು. ಎರಡನ್ನೂ ವಂಶವೃಕ್ಷದಲ್ಲಿ ಸೇರಿಸಿದೆವು, ‘ಅಜ್ಜಿ ಹೇಳಿದ್ದು’ ಎಂಬ ಷರಾ ಜೊತೆ.

ಮನೆಯ ಹುಡುಗನಿಗೆ ಮರದ ಬೇರಿನಲ್ಲಿ ಆ ವೀರನನ್ನೂ ಕೂರಿಸಬೇಕು ಅಂತ ಆಸೆ. “ನಾವು ಪೂಜೆ ಮಾಡೋದೇ ನಮ್ಮ ಹಿರೀಕ ಅಂತಲ್ವಾ ಸಾರ್?” ಪೂಜೆ ನಿಲ್ಲಿಸಬೇಕಿಲ್ಲ ಅಂದೆ. ಎಂಟು ತಲೆಮಾರು, ತಲೆಗೆ ಇಪ್ಪತ್ತೈದು ವರ್ಷ ಹಿಡಿದರೆ ಇನ್ನೂರು ವರ್ಷ. ಕಲ್ಲಿಗೆ ಏಳುನೂರಕ್ಕೂ ಹೆಚ್ಚು. ನಡುವಿನ ಐನೂರು ವರ್ಷಕ್ಕೆ ಗೆರೆ ಎಳೆಯುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇವೆ. ಹುಡುಗ ಒಪ್ಪಿದ, ಪೂರ್ತಿ ಮನಸ್ಸಿನಿಂದ ಅಲ್ಲ.

ಮಾಡಿದ ಕೆಲಸ ದೊಡ್ಡದೇನಲ್ಲ. ಹಾಳೆಗಳನ್ನು ಬಿಸಿಲಿಗೆ ಹಾಕದೆ ನೆರಳಲ್ಲಿ ಆರಿಸಿ, ಮೆತ್ತನೆ ಕುಂಚದಲ್ಲಿ ಮಣ್ಣು ತೆಗೆದು, ಅಳತೆಪಟ್ಟಿ ಪಕ್ಕದಲ್ಲಿಟ್ಟು ಎರಡೂ ಬದಿ ಫೋಟೋ ತೆಗೆದೆವು. ಹಿಂಬದಿ ಬಿಡಬೇಡಿ, ‘ಟೇಸನ್’ ಸಿಕ್ಕಿದ್ದು ಅಲ್ಲಿ. ಹರಿದದ್ದಕ್ಕೆ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಆಗುವುದಿಲ್ಲ. ಯಾವ ಕಟ್ಟಿನಲ್ಲಿ ಯಾವ ಹಾಳೆ ಯಾವುದರ ಪಕ್ಕ ಇತ್ತು ಅನ್ನುವುದನ್ನೂ ಬರೆದಿಡಿ. ಕೆಳದಿಯ ಗುಂಡಾಜೋಯಿಸರು ಮನೆಮನೆ ಅಲೆದು ಓಲೆ, ಕಾಗದ ತಂದು ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ನಮ್ಮ ಕಡೆ ಅಂಥವರು ಹುಟ್ಟುವ ತನಕ ಮೊಬೈಲ್ ಫೋಟೋನಾದರೂ ಇರಲಿ. ಮೂಲ ಕಾಗದ ಆ ಮನೆಯಲ್ಲೇ ಇದೆ. ಅವರಿಗೆ ಬೇಡವಾದ ದಿನ ರಾಜ್ಯ ಪತ್ರಾಗಾರಕ್ಕೆ ಕೊಡುವ ಮಾತಾಗಿದೆ. ಹುಲ್ಲುಬನ್ನಿ ರಶೀದಿಗಳನ್ನು ಮಾತ್ರ ಬೇರೆ ಲಕೋಟೆಯಲ್ಲಿ ಇಡಿಸಿದ್ದೇನೆ. ಚಳ್ಳಕೆರೆಯ ಕಾವಲುಗಳನ್ನು ದೊಡ್ಡ ಸಂಸ್ಥೆಗಳಿಗೆ ಹಂಚಿದಾಗ ಅಲ್ಲಿನ ಜನ ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ಮೇಯಿಸುತ್ತಿದ್ದೆವು ಅಂತ ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ರಶೀದಿ ಇದ್ದರೆ ವಾಸಿ.

‘ಬೇಲೂರು ಸೀಮೆ’ಯ ಹಸುವಿನ ಹೆಸರು ಕೆಂಪಿ. ಅದನ್ನು ತಂದ ಹೆಣ್ಣುಮಗಳ ಹೆಸರು ಅಜ್ಜಿಗೂ ಗೊತ್ತಿಲ್ಲ. ಆ ಕಡೆ ದನ ಕಟ್ಟಿದ ಹಳೆ ಮನೆಗಳ ಟ್ರಂಕಿನಲ್ಲಿ, ಮಗಳ ಜೊತೆ ಅರಸೀಕೆರೆ ಕಡೆಗೆ ಕೆಂಪಿ ಎಂಬ ಹಸು ಕೊಟ್ಟ ಲೆಕ್ಕ ಯಾರಿಗಾದರೂ ಸಿಕ್ಕರೆ ದಯವಿಟ್ಟು ತಿಳಿಸಿ.